ಹೇಳಿದ್ದನ್ನು ಬರೆಸಿಕೊಳ್ಳಿ: ಪೌತಿ ಖಾತೆಗಾಗಿ ಅಲೆಯುತ್ತಿರುವ ಓದುಗರಿಗೆ ಉತ್ತರ

ಪ್ರಶ್ನೆ: ನಮ್ಮ ತಂದೆಯವರು ತೀರಿಕೊಂಡು ಒಂದೂವರೆ ವರ್ಷವಾಯಿತು. ಬ್ರಹ್ಮಾವರ ತಾಲೂಕಿನಲ್ಲಿ ಅವರ ಹೆಸರಿನಲ್ಲಿರುವ 70 ಸೆಂಟ್ಸ್ ಜಾಗವನ್ನು ತಾಯಿ ಮತ್ತು ನಾವು ಮೂವರು ಮಕ್ಕಳ ಹೆಸರಿಗೆ ಮಾಡಿಸಿಕೊಳ್ಳುವ ಪೌತಿ ಖಾತೆಗಾಗಿ ಎಂಟು ತಿಂಗಳಿನಿಂದ ಕಚೇರಿಗೆ ಎಡತಾಕುತ್ತಿದ್ದೇವೆ. ಮನೆಯೊಳಗೆ ಯಾರ ತಕರಾರೂ ಇಲ್ಲ. ಆದರೂ ಹೋದಾಗಲೆಲ್ಲ ಹೊಸದೊಂದು ದಾಖಲೆ ಕೇಳುತ್ತಾರೆ. ಕೊನೆಯ ಸಲ ತಂದೆಯ ಹೆಸರು ಒಂದು ಕಡೆ ‘ಶೀನ’, ಇನ್ನೊಂದು ಕಡೆ ‘ಶ್ರೀನಿವಾಸ’ ಎಂದಿದೆಯೆಂದು ವಾಪಸು ಕಳುಹಿಸಿದರು. ಏಜೆಂಟರೊಬ್ಬರು ಹದಿನೈದು ಸಾವಿರ ಕೊಟ್ಟರೆ ವಾರದಲ್ಲಿ ಆಗುತ್ತದೆ ಎನ್ನುತ್ತಾರೆ. ಲಂಚ ಕೊಡದೆ, ಜಗಳವನ್ನೂ ಮಾಡದೆ, ಸಾಮಾನ್ಯ ಜನರು ಇಂಥ ಕಡೆ ಉಪಯೋಗಿಸಿರುವ ಜಾಣ ದಾರಿಗಳೇನಾದರೂ ಇವೆಯೇ?

ಉತ್ತರ: ಕಂದಾಯ ಇಲಾಖೆಯಲ್ಲಿ ಮೂರು ದಶಕಗಳಿಗೂ ಹೆಚ್ಚು ಕಾಲ ಮೇಜಿನ ಆಚೆ ಬದಿಯಲ್ಲಿ ಕುಳಿತು, ಗುಮಾಸ್ತನಾಗಿ ಸೇರಿ ಶಿರಸ್ತೇದಾರನಾಗಿ ನಿವೃತ್ತನಾದವನು ನಾನು. ಆದ್ದರಿಂದ ನಿಮ್ಮ ಪತ್ರವನ್ನು ಓದುವಾಗ ನನಗೆ ಮೊದಲು ಕಾಣಿಸಿದ್ದು ಅಧಿಕಾರಿಗಳು ಕೇಳಿದ ದಾಖಲೆಗಳಲ್ಲ, ಅವರು ಅವುಗಳನ್ನು ಕೇಳಿದ ರೀತಿ. ಎಂಟು ತಿಂಗಳಲ್ಲಿ ‘ಹೇಳಿದರು’, ‘ಅಂದರು’, ‘ಕೇಳಿದರು’ ಎಂಬ ಮಾತುಗಳಿವೆಯೇ ಹೊರತು, ಕಚೇರಿಯಿಂದ ನಿಮ್ಮ ಕೈಗೆ ಒಂದಾದರೂ ಹಾಳೆ ಬಂದ ಪ್ರಸ್ತಾಪ ಎಲ್ಲಿಯೂ ಇಲ್ಲ. ನಿಮ್ಮ ಲೆಕ್ಕದಲ್ಲಿ ಎಂಟು ತಿಂಗಳು ಕಳೆದಿರಬಹುದು. ಕಚೇರಿಯ ಲೆಕ್ಕದಲ್ಲಿ ಬಹುಶಃ ಒಂದು ದಿನವೂ ಕಳೆದಿಲ್ಲ. ನಿಮ್ಮ ಅರ್ಜಿ ಒಳಬರುವ ವಹಿಯಲ್ಲಿ ನಮೂದಾಗದೆ ಯಾರದೋ ಮೇಜಿನ ಮೇಲೆ ಉಳಿದಿದ್ದರೆ, ನೀವು ಅರ್ಜಿಯನ್ನೇ ಸಲ್ಲಿಸಿಲ್ಲ ಎಂದು ಅವರು ನಾಳೆ ಯಾವ ಅಳುಕೂ ಇಲ್ಲದೆ ಹೇಳಬಲ್ಲರು.

ನಮ್ಮ ಕರಾವಳಿಯ ಕಚೇರಿಗಳಲ್ಲಿ ಇದಕ್ಕೆ ಇನ್ನೊಂದು ಪದರವೂ ಇದೆ. ಕೌಂಟರಿನ ಈಚೆ ಆಚೆ ಮಾತುಕತೆಯೆಲ್ಲ ತುಳುವಿನಲ್ಲೋ, ಕೊಂಕಣಿಯಲ್ಲೋ, ಬ್ಯಾರಿಯಲ್ಲೋ, ನಿಮ್ಮ ಕಡೆಯಾದರೆ ಕುಂದಗನ್ನಡದಲ್ಲೋ ಬಹಳ ಆತ್ಮೀಯವಾಗಿ ನಡೆದುಹೋಗುತ್ತದೆ. ಊರು, ಮನೆ, ಮಳೆ, ಮೊನ್ನೆಯ ಆಟ, ಎಲ್ಲವನ್ನೂ ವಿಚಾರಿಸಿದ ಮೇಲೆ ‘ಎಲ್ಲೆ ಬಲೆ’ ಎಂದರೆ ಎದ್ದು ಬರುವಾಗ ಮನಸ್ಸಿಗೆ ಬೇಸರವೂ ಆಗುವುದಿಲ್ಲ. ಆದರೆ ಕಡತದ ಭಾಷೆ ಬರವಣಿಗೆಯ ಕನ್ನಡ. ತುಳುವಿನಲ್ಲಿ ಹೇಳಿದ ‘ನಾಳೆ ಬನ್ನಿ’ ಅದರೊಳಕ್ಕೆ ಹತ್ತುವುದಿಲ್ಲ. (ತೊಂಬತ್ತರ ದಶಕದಲ್ಲಿ ಕರ್ನಾಟಕದ ಹಲವೆಡೆ ದೆವ್ವವನ್ನು ಮರಳಿಸಲು ಮನೆಯ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರು. ದೆವ್ವಕ್ಕೆ ಕನಿಷ್ಠ ಬರೆದಾದರೂ ತೋರಿಸುತ್ತಿದ್ದರು.)

ನಾನು ಇದನ್ನು ಕಲಿತದ್ದು ತರಬೇತಿಯಲ್ಲಲ್ಲ, ಒಬ್ಬ ಅಜ್ಜಿಯಿಂದ. ಉಡುಪಿ ಇನ್ನೂ ಪ್ರತ್ಯೇಕ ಜಿಲ್ಲೆಯಾಗದಿದ್ದ ಕಾಲ. ನಾನು ಒಂದು ತಾಲೂಕು ಕಚೇರಿಯಲ್ಲಿ ಕಿರಿಯ ಗುಮಾಸ್ತ. ಆ ಅಜ್ಜಿಗೆ ಭೂನ್ಯಾಯಮಂಡಳಿಯಿಂದ ಜಾಗ ಮಂಜೂರಾಗಿತ್ತು. 1974ರ ಭೂಸುಧಾರಣಾ ತಿದ್ದುಪಡಿಯ ಬಳಿಕ ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಕೊಟ್ಟು ಪಡೆದ ಭೂಮಿಯನ್ನು ಈ ಕಡೆಯ ಹಿರಿಯರು ಇಂದಿಗೂ ‘ಡಿಕ್ಲರೇಶನ್ ಜಾಗ’ ಎಂದೇ ಕರೆಯುತ್ತಾರಲ್ಲ, ಅಂಥದ್ದು. ಆದೇಶವಾಗಿ ವರ್ಷಗಳಾದರೂ ಪಹಣಿಯಲ್ಲಿ ಹೆಸರು ಬಂದಿರಲಿಲ್ಲ. ನಾವು ಆಕೆಯನ್ನು ಮೂರು ನಾಲ್ಕು ಸಲ ಏನಾದರೊಂದು ನೆಪ ಹೇಳಿ ಕಳುಹಿಸಿದ್ದೆವು. ಐದನೆಯ ಸಲ ಆಕೆ ಮೊಮ್ಮಗನ ಶಾಲೆಯ ಪುಸ್ತಕವೊಂದನ್ನು ಚೀಲದಿಂದ ತೆಗೆದು, ಖಾಲಿ ಹಾಳೆ ಬಿಡಿಸಿ, ಪೆನ್ನಿನ ಸಮೇತ ನನ್ನ ಮುಂದಿಟ್ಟು ‘ಉಂದೆಟ್ ಒಂತೆ ಬರೆಲೆ ಅಣ್ಣಾ’ ಎಂದರು. ಇದರಲ್ಲಿ ಸ್ವಲ್ಪ ಬರೆದುಕೊಡಿ. ಇವತ್ತು ಯಾಕೆ ಆಗಲಿಲ್ಲ ಎಂದು ನಾನು ಹೇಳಿದರೆ ಮಗ ನಂಬುವುದಿಲ್ಲ, ನಿಮ್ಮ ಅಕ್ಷರದಲ್ಲಿದ್ದರೆ ನಂಬುತ್ತಾನೆ ಎಂಬುದು ಅವರ ಮಾತಿನ ಸಾರ.

ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಬೆದರಿಕೆಯೂ ಇರಲಿಲ್ಲ. ನಾನು ಪೆನ್ನು ಹಿಡಿದು ಯೋಚಿಸಿದೆ. ‘ಸರ್ವೆಯವರು ಬಂದಿಲ್ಲ’ ಎಂದು ಬರೆಯೋಣವೆಂದರೆ ಈ ಕೆಲಸಕ್ಕೆ ಸರ್ವೆಯವರು ಬೇಕಾಗಿರಲಿಲ್ಲ. ‘ಕಡತ ಸಿಗುತ್ತಿಲ್ಲ’ ಎಂದು ಬರೆದರೆ ಕಡತವನ್ನು ಕಾಯಬೇಕಾದವನು ನಾನೇ. ‘ಸಾಹೇಬರು ಸಹಿ ಹಾಕಿಲ್ಲ’ ಎಂದರೆ ನಾನು ಅದನ್ನು ಸಾಹೇಬರ ಮುಂದೆ ಇಟ್ಟೇ ಇರಲಿಲ್ಲ. ಬಾಯಿಯಲ್ಲಿ ನಿರಾಯಾಸವಾಗಿ ಬರುತ್ತಿದ್ದ ಒಂದೇ ಒಂದು ಕಾರಣವೂ, ಕೆಳಗೆ ದಿನಾಂಕ ಹಾಕಿ ಸಹಿ ಮಾಡುವಾಗ ನಿಲ್ಲುತ್ತಿರಲಿಲ್ಲ. ಪುಸ್ತಕವನ್ನು ಮಡಚಿ ಕೊಟ್ಟು, ಅಜ್ಜಿಯನ್ನು ಬೆಂಚಿನ ಮೇಲೆ ಕೂರಿಸಿ, ಕಡತ ಹುಡುಕಿ ಅದೇ ದಿನ ಮಂಡಿಸಿದೆ. ನಿಮಗೆ ಹೇಳಬೇಕೆಂದಿರುವ ಉಪಾಯ ಮುಖ್ಯವಾಗಿ ಇದೊಂದೇ. ಉಳಿದದ್ದೆಲ್ಲ ಆ ಖಾಲಿ ಹಾಳೆಯನ್ನು ಮುಂದಿಡಲು ಕಾನೂನು ಕೊಟ್ಟಿರುವ ಬೇರೆ ಬೇರೆ ವಿಧಾನಗಳು.

ಮೊದಲನೆಯದು ಸ್ವೀಕೃತಿ. ಇದನ್ನು ಕೇಳುವುದು ಉದ್ಧಟತನವೆಂದು ನಮ್ಮ ಜನ ಭಾವಿಸುತ್ತಾರೆ. ‘ನಮ್ಮ ಮೇಲೆ ನಂಬಿಕೆ ಇಲ್ಲವಾ?’ ಎಂದು ಅಲ್ಲಿರುವವರು ಕೇಳಿದರೆ ನಾಚಿ ಹಿಂದೆ ಬರುತ್ತಾರೆ. ಆದರೆ 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 128ನೆಯ ಕಲಮು, ಉತ್ತರಾಧಿಕಾರದಿಂದಲೋ ಬೇರೆ ರೀತಿಯಿಂದಲೋ ಭೂಮಿಯ ಹಕ್ಕು ಪಡೆದವರು ವರದಿ ಸಲ್ಲಿಸಿದ ಕೂಡಲೇ ಅಧಿಕಾರಿಯು ಲಿಖಿತ ಸ್ವೀಕೃತಿಯನ್ನು ಕೊಡಬೇಕೆಂದೇ ಹೇಳುತ್ತದೆ. ಅಂದರೆ ನೀವು ಕೇಳುತ್ತಿರುವುದು ಉಪಕಾರವನ್ನಲ್ಲ. ಅರ್ಜಿಯನ್ನು ಎರಡು ಪ್ರತಿ ಮಾಡಿ, ಲಗತ್ತಿಸಿದ ಪ್ರತಿಯೊಂದು ದಾಖಲೆಯ ಹೆಸರನ್ನೂ ಪುಟಸಂಖ್ಯೆಯನ್ನೂ ಅರ್ಜಿಯ ಕೊನೆಯಲ್ಲೇ ಬರೆಯಿರಿ. ಹೀಗೆ ಬರೆದಿದ್ದರೆ ‘ವಂಶವೃಕ್ಷ ಇರಲಿಲ್ಲ’ ಎಂಬ ಮಾತು ಮುಂದೆ ಹುಟ್ಟುವುದಿಲ್ಲ. ನಾಡಕಚೇರಿಯಲ್ಲಿ ಕೊಟ್ಟರೆ ಗಣಕಯಂತ್ರದ ಸಂಖ್ಯೆಯಿರುವ ಚೀಟಿ ಪಡೆಯಿರಿ. ತಾಲೂಕು ಕಚೇರಿಯಾದರೆ ಟಪಾಲು ವಿಭಾಗದಲ್ಲಿ ಎರಡನೆಯ ಪ್ರತಿಗೆ ಮೊಹರು, ದಿನಾಂಕ, ಕಿರು ಸಹಿ ಹಾಕಿಸಿಕೊಳ್ಳಿ. ಅವರು ಒಪ್ಪದಿದ್ದರೆ ವಾದಿಸದೆ ಹೊರಬಂದು ಅಂಚೆಯಲ್ಲಿ ಕಳುಹಿಸಿ. ನಮ್ಮ ಹಿರಿಯರು ನಂಬಿದ್ದ ರಿಜಿಸ್ಟರ್ಡ್ ಪೋಸ್ಟ್ ಸೇವೆಯನ್ನು ಅಂಚೆ ಇಲಾಖೆ 2025ರಲ್ಲಿ ಸ್ಪೀಡ್ ಪೋಸ್ಟಿನೊಂದಿಗೆ ವಿಲೀನಗೊಳಿಸಿದೆ. ತಲುಪಿದ್ದಕ್ಕೆ ಪುರಾವೆ ಬೇಕೆಂದು ಅಲ್ಲಿಯೇ ಹೇಳಿ ಕಳುಹಿಸಬೇಕು.

ಎರಡನೆಯದು ಹಿಂಬರಹ. ಕಚೇರಿಗಳ ಒಳಗೆ ಓಡಾಡಿದವರಿಗಷ್ಟೇ ಗೊತ್ತಿರುವ ಈ ಶಬ್ದದ ಶಕ್ತಿಯನ್ನು ಸಾರ್ವಜನಿಕರು ಇನ್ನೂ ಅರಿತಿಲ್ಲ. ನಿಮ್ಮ ಅರ್ಜಿಯನ್ನು ಏಕೆ ಪುರಸ್ಕರಿಸಲು ಬರುವುದಿಲ್ಲ ಅಥವಾ ಇನ್ನೇನು ಒದಗಿಸಬೇಕು ಎಂಬುದನ್ನು ಅಧಿಕಾರಿ ಸಹಿಯೊಂದಿಗೆ ಬರೆದುಕೊಡುವ ಪತ್ರವೇ ಹಿಂಬರಹ. ‘ಆಗುವುದಿಲ್ಲವೆಂದಾದರೆ ಆಗಲಿ, ದಯವಿಟ್ಟು ಒಂದು ಹಿಂಬರಹ ಕೊಟ್ಟುಬಿಡಿ, ನಾನು ಮೇಲ್ಮನವಿ ಮಾಡಿಕೊಳ್ಳುತ್ತೇನೆ’ ಎಂದು ಅತ್ಯಂತ ವಿನಯದಿಂದ ಕೇಳಿ ನೋಡಿ. ಅದು ಆ ಅಜ್ಜಿಯ ಪುಸ್ತಕದ ಸರಕಾರಿ ರೂಪ. ತಪ್ಪು ಕಾರಣ ಬರೆದರೆ ಉಪವಿಭಾಗಾಧಿಕಾರಿಗಳ ಮುಂದೆ ಮೇಲ್ಮನವಿಯಲ್ಲಿ ಅದು ಬಯಲಾಗುತ್ತದೆ. ಭೂಕಂದಾಯ ಅಧಿನಿಯಮದ 136ನೆಯ ಕಲಮಿನಲ್ಲಿ ಅದಕ್ಕೆ ಅವಕಾಶವಿದೆ. ಉಚ್ಚ ನ್ಯಾಯಾಲಯಕ್ಕೆ ಹೋಗಿ ಅಧಿಕಾರಿಗೆ ಕರ್ತವ್ಯ ಮಾಡುವಂತೆ ನಿರ್ದೇಶನ ಕೇಳಬೇಕಾಗಿ ಬಂದರೂ, ‘ನಾನು ಕೇಳಿದ್ದೆ, ಅವರು ಮಾಡಲಿಲ್ಲ’ ಎಂಬುದಕ್ಕೆ ಕಾಗದ ಬೇಕೇ ಬೇಕು.

ಮೂರನೆಯದಾಗಿ ಸಕಾಲ, ಅಂದರೆ ಸರಕಾರಿ ಸೇವೆಗಳನ್ನು ನಿಗದಿತ ದಿನಗಳೊಳಗೆ ಕೊಡಬೇಕೆನ್ನುವ ಕಾನೂನು. 2011ರ ಈ ಕಾನೂನು 2012ರ ಮಾರ್ಚ್‌ನಲ್ಲಿ ಮೊದಲು ಪ್ರಾಯೋಗಿಕವಾಗಿ ಜಾರಿಯಾದ ನಾಲ್ಕು ಕಡೆಗಳಲ್ಲಿ ನಮ್ಮ ಪುತ್ತೂರು ತಾಲೂಕೂ ಒಂದು. ಆಗ ಮುಖ್ಯಮಂತ್ರಿಯಾಗಿದ್ದ ಡಿ.ವಿ. ಸದಾನಂದ ಗೌಡರು ಸುಳ್ಯದ ಕಡೆಯವರು, ಪುತ್ತೂರಿನಿಂದ ಶಾಸಕರಾಗಿದ್ದವರು. ಅದೇ ಏಪ್ರಿಲ್‌ನಲ್ಲಿ ರಾಜ್ಯಕ್ಕೆಲ್ಲ ವಿಸ್ತರಿಸಿತು. ಅರ್ಜಿಗೆ 15 ಅಂಕಿಗಳ ಸಂಖ್ಯೆಯೊಂದು ಸಿಗುತ್ತದೆ, ಅಂದಿನಿಂದ ದಿನಗಳ ಎಣಿಕೆ ಆರಂಭವಾಗುತ್ತದೆ, ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರವುಂಟು. ಐನೂರು ರೂಪಾಯಿಗೆ ಯಾರು ಹೆದರುತ್ತಾರೆ ಎಂದು ನೀವು ಕೇಳಬಹುದು. ಹಣಕ್ಕಲ್ಲ, ವಿಳಂಬವು ಒಬ್ಬ ನಿರ್ದಿಷ್ಟ ನೌಕರನ ಹೆಸರಿಗೆ ಅಂಟಿಕೊಂಡು ಮೇಲಿನವರ ಪರದೆಯ ಮೇಲೆ ಕಾಣುವುದಕ್ಕೆ ಹೆದರುತ್ತಾರೆ.

ಆದರೆ ನಾವು, ಅಂದರೆ ಒಳಗಿನವರು, ಈ ಎಣಿಕೆಯನ್ನು ತಪ್ಪಿಸಲು ಕಲಿತದ್ದೂ ನಿಜ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ‘ಅರ್ಜಿ ಇಟ್ಟು ಹೋಗಿ, ಎಲ್ಲ ಸರಿ ಇದ್ದರೆ ಮತ್ತೆ ಸಂಖ್ಯೆ ಕೊಡುತ್ತೇವೆ’ ಎನ್ನುವುದು ಒಂದು ವಿಧಾನ. ಸಂಖ್ಯೆ ಕೊಡದಿದ್ದರೆ ದಿನವೇ ಆರಂಭವಾಗುವುದಿಲ್ಲ. ಕೊನೆಯ ದಿನ ಸಣ್ಣದೊಂದು ಕೊರತೆ ತೋರಿಸಿ ತಿರಸ್ಕರಿಸುವುದು ಇನ್ನೊಂದು. ತಿರಸ್ಕಾರವೂ ಅಂಕಿ ಅಂಶದಲ್ಲಿ ‘ವಿಲೇವಾರಿ’ಯೇ ಆಗಿರುತ್ತದೆ. ಇಲ್ಲಿ ಬಹುತೇಕರು ಎಡವುತ್ತಾರೆ. ತಿರಸ್ಕೃತವಾದಾಗ ಅವರ ಸಲಹೆಯಂತೆ ಹೊಸ ಅರ್ಜಿ ಹಾಕಿಬಿಡುತ್ತಾರೆ, ಹಳೆಯ ಎಣಿಕೆಯೆಲ್ಲ ಅಳಿಸಿ ಮತ್ತೆ ಒಂದರಿಂದ ಆರಂಭವಾಗುತ್ತದೆ. ಕಾರಣ ಸರಿಯಿಲ್ಲವೆಂದು ನಿಮಗೆ ಖಚಿತವಿದ್ದರೆ ಹೊಸ ಅರ್ಜಿಯ ಬದಲು ಸಕ್ಷಮ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಿ. ‘ದೇವರು ಕೊಟ್ಟರೂ ಪೂಜಾರಿ ಕೊಡ’ ಎಂಬ ಗಾದೆ ಕಚೇರಿಗೂ ಒಪ್ಪುತ್ತದೆ. ಪೂಜಾರಿಯ ಮೇಲೆ ದೇವರಿಗೇ ದೂರು ಹೇಳುವ ಬಾಗಿಲು ಇಲ್ಲಿ ಇದೆಯೆಂಬುದಷ್ಟೇ ವ್ಯತ್ಯಾಸ. ಸರಕಾರದ ಸಹಾಯವಾಣಿ 1902ಕ್ಕೆ ಕರೆ ಮಾಡಿ ದೂರು ದಾಖಲಿಸುವುದೂ ಒಂದು ದಾರಿಯೇ. ಆದರೆ ಅದು ಬಹುಮಟ್ಟಿಗೆ ತಿರುಗಿ ಅದೇ ಮೇಜಿಗೆ ಬರುತ್ತದೆ, ಆದ್ದರಿಂದ ಜೊತೆಗಿರಲಿ, ಅದನ್ನೇ ನೆಚ್ಚಬೇಡಿ.

ಇನ್ನು ಮಾಹಿತಿ ಹಕ್ಕು. 2005ರ ಅಕ್ಟೋಬರ್ 12ರಿಂದ ಜಾರಿಯಲ್ಲಿರುವ ಈ ಕಾನೂನಿನ ಹೆಸರು ಎಲ್ಲರಿಗೂ ಗೊತ್ತು, ಬಳಸುವ ಕಲೆ ಕೆಲವರಿಗಷ್ಟೇ ಗೊತ್ತು. ‘ನನ್ನ ಕೆಲಸವನ್ನು ಏಕೆ ಮಾಡಿಲ್ಲ?’ ಎಂದು ಕೇಳುವುದು ಸಾಮಾನ್ಯ ತಪ್ಪು. ‘ಏಕೆ’ ಎಂಬುದಕ್ಕೆ ಕಡತದಲ್ಲಿ ದಾಖಲೆ ಇರುವುದಿಲ್ಲ. ಇದು ಮಾಹಿತಿಯಲ್ಲ, ಅಭಿಪ್ರಾಯ ಎಂದು ಬರೆದು ಮೂವತ್ತನೆಯ ದಿನ ನಿಮ್ಮ ಅರ್ಜಿಯನ್ನು ಮುಗಿಸುತ್ತಾರೆ. ಅದರ ಬದಲು ಇರುವ ಕಾಗದವನ್ನೇ ಕೇಳಬೇಕು. ಇಂಥ ದಿನಾಂಕದ ನನ್ನ ಅರ್ಜಿ ಇಂದಿನವರೆಗೆ ಯಾವ ಯಾವ ದಿನ ಯಾವ ಹುದ್ದೆಯವರ ಬಳಿ ಇತ್ತು ಎಂಬುದರ ವಿವರ, ಅದಕ್ಕೆ ಸಂಬಂಧಿಸಿದ ಟಿಪ್ಪಣಿ ಹಾಳೆಗಳ ದೃಢೀಕೃತ ಪ್ರತಿ, ಮತ್ತು ನನ್ನ ನಂತರ ಸ್ವೀಕರಿಸಿ ನನಗಿಂತ ಮೊದಲೇ ಮುಗಿಸಿದ ಪೌತಿ ಅರ್ಜಿಗಳ ವಹಿಯ ಪ್ರತಿ. ಈ ಕೊನೆಯ ಕೋರಿಕೆ ಬಹಳ ಹರಿತವಾದದ್ದು. ಸರದಿ ತಪ್ಪಿಸಿ ಮುಂದೆ ಹೋದ ಅರ್ಜಿಗಳ ಪಟ್ಟಿಯನ್ನು ತಮ್ಮ ಕೈಯಾರೆ ನಕಲು ಮಾಡಿ ಕೊಡುವುದಕ್ಕಿಂತ, ನಿಮ್ಮ ಖಾತೆಯನ್ನು ಮಾಡಿಬಿಡುವುದು ಅವರಿಗೆ ಸುಲಭವೆನಿಸುತ್ತದೆ.

ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಮಿತಿ. ಆದ್ದರಿಂದ ಕಥೆಯನ್ನೂ ನೋವನ್ನೂ ಬಿಟ್ಟು ಬರಿಯ ಕೋರಿಕೆಯನ್ನಷ್ಟೇ ಬರೆಯಿರಿ. ಏಕೆ ಬೇಕು ಎಂದು ಕಾರಣ ಹೇಳಬೇಕಾಗಿಲ್ಲ. ಕೇಳುವ ಅಧಿಕಾರವೂ ಅವರಿಗಿಲ್ಲ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಸಾಕು. ‘ಇದು ನಮ್ಮ ಕಚೇರಿಗೆ ಸೇರಿದ್ದಲ್ಲ’ ಎಂದು ಅರ್ಜಿ ಹಿಂದಿರುಗಿಸುವಂತಿಲ್ಲ, ಐದು ದಿನಗಳೊಳಗೆ ಸಂಬಂಧಪಟ್ಟ ಕಚೇರಿಗೆ ಅವರೇ ವರ್ಗಾಯಿಸಬೇಕು. ಮೂವತ್ತು ದಿನ ಮೀರಿದರೆ ಮಾಹಿತಿಯನ್ನು ಉಚಿತವಾಗಿ ಕೊಡಬೇಕು, ಮತ್ತು ಮಾಹಿತಿ ಆಯೋಗ ಮನಸ್ಸು ಮಾಡಿದರೆ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗೆ ದಂಡ ವಿಧಿಸಬಹುದು. ಆಯೋಗದವರೆಗೆ ಹೋದರೆ ವರ್ಷಗಳೇ ಹಿಡಿಯಬಹುದು ನಿಜ. ಆದರೆ ನನ್ನ ಅನುಭವದಲ್ಲಿ ಇಂಥ ಅರ್ಜಿಗಳು ಕೆಲಸ ಮಾಡುವುದು ಆಯೋಗದಲ್ಲಲ್ಲ. ಅರ್ಜಿ ತಲುಪಿದ ಮರುದಿನ ಬೆಳಿಗ್ಗೆ ತಹಶೀಲ್ದಾರರು ವಿಷಯ ನಿರ್ವಾಹಕರನ್ನು ಕೋಣೆಗೆ ಕರೆದು ‘ಇದೇನಿದು?’ ಎಂದು ಕೇಳುವಾಗ.

ಇದು ನನ್ನೊಬ್ಬನ ಭಾವನೆಯಲ್ಲ. ಯೇಲ್ ವಿಶ್ವವಿದ್ಯಾಲಯದ ಸಂಶೋಧಕರಾದ ಲಿಯೊನಿಡ್ ಪೈಸಾಖಿನ್ ಮತ್ತು ಪಾಲ್ ಪಿಂಟೊ ದೆಹಲಿಯ ಕೊಳೆಗೇರಿಗಳ ನಿವಾಸಿಗಳೊಂದಿಗೆ ಒಂದು ಪ್ರಯೋಗ ಮಾಡಿದರು. ಪಡಿತರ ಚೀಟಿಗೆ ಅರ್ಜಿ ಹಾಕಿದವರಲ್ಲಿ ಒಂದು ಗುಂಪು ಲಂಚ ಕೊಟ್ಟಿತು, ಒಂದು ಗುಂಪು ತಮ್ಮ ಅರ್ಜಿಯ ಸ್ಥಿತಿ ಏನೆಂದು ಮಾಹಿತಿ ಹಕ್ಕಿನಡಿ ಕೇಳಿತು, ಒಂದು ಗುಂಪು ಸ್ವಯಂಸೇವಾ ಸಂಸ್ಥೆಯ ಶಿಫಾರಸು ಪತ್ರ ಇಟ್ಟಿತು, ಇನ್ನೊಂದು ಸುಮ್ಮನೆ ಕಾಯಿತು. ಲಂಚ ಕೊಟ್ಟವರಿಗೆ ಬೇಗ ಸಿಕ್ಕಿತು, ಅದರಲ್ಲಿ ಆಶ್ಚರ್ಯವಿಲ್ಲ. ಆದರೆ ಮಾಹಿತಿ ಕೇಳಿದವರೂ ಹೆಚ್ಚುಕಡಿಮೆ ಅವರಷ್ಟೇ ಯಶಸ್ವಿಯಾದರು. ಶಿಫಾರಸು ಪತ್ರದವರೂ ಕಾದವರೂ ಬಹಳ ಹಿಂದೆ ಉಳಿದರು. 2010ರಲ್ಲಿ ಪ್ರಕಟವಾದ ಆ ಫಲಿತಾಂಶದಲ್ಲಿ ನನಗೆ ವಿಶೇಷವೆನಿಸಿದ್ದು ಶಿಫಾರಸು ಪತ್ರದ ಸೋಲು. ದೊಡ್ಡವರ ಕಾಗದ ಹಿಡಿದುಕೊಂಡು ಹೋದರೆ ಕೆಲಸವಾಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಹಳ ಗಟ್ಟಿಯಾಗಿದೆಯಲ್ಲ. ಆದರೆ ಅಂಥ ಕಾಗದಕ್ಕೆ ಯಾರೂ ಉತ್ತರ ಬರೆಯಬೇಕಾಗಿಲ್ಲ.

ಎರಡು ಎಚ್ಚರಿಕೆಗಳನ್ನು ಹೇಳದೆ ಮುಂದೆ ಹೋಗಲಾರೆ. ಮಾಹಿತಿ ಹಕ್ಕನ್ನು ಸುಲಿಗೆಯ ದಂಧೆ ಮಾಡಿಕೊಂಡವರು ನಮ್ಮ ಎರಡೂ ಜಿಲ್ಲೆಗಳಲ್ಲಿ ಇದ್ದಾರೆ. ಅವರ ಮೂಲಕ ಅರ್ಜಿ ಹಾಕಿಸಬೇಡಿ, ಸ್ವಂತ ಹೆಸರಿನಲ್ಲಿ ಸ್ವಂತ ಕೆಲಸಕ್ಕೆ ಹಾಕಿ. ಇನ್ನೊಂದು, ಕೇಳುತ್ತಿರುವುದು ನಿಮ್ಮ ಖಾತೆಯ ವಿಚಾರವಾಗಿರದೆ ಬೇರೆಯವರ ದೊಡ್ಡ ಹಣದ ವ್ಯವಹಾರವಾಗಿದ್ದರೆ ಒಬ್ಬಂಟಿಯಾಗಿ ಮುಂದಾಗಬೇಡಿ. ಮಂಗಳೂರಿನಲ್ಲಿ ಮಾಹಿತಿ ಹಕ್ಕು ಕಾರ್ಯಕರ್ತ ವಿನಾಯಕ ಬಾಳಿಗಾ ಅವರು 2016ರ ಮಾರ್ಚ್‌ನಲ್ಲಿ ಕೊಲೆಯಾದದ್ದನ್ನು ಈ ಊರು ಮರೆತಿಲ್ಲ.

ಏಜೆಂಟರ ಹದಿನೈದು ಸಾವಿರದ ಬಗ್ಗೆ. 2018ರ ತಿದ್ದುಪಡಿಯ ನಂತರ ಭ್ರಷ್ಟಾಚಾರ ತಡೆ ಕಾಯ್ದೆಯಲ್ಲಿ ಲಂಚ ಕೊಟ್ಟವರೂ ಅಪರಾಧಿಗಳೇ. ಒತ್ತಾಯಕ್ಕೆ ಸಿಲುಕಿ ಕೊಟ್ಟಿದ್ದರೆ ಏಳು ದಿನಗಳೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಿದರೆ ಮಾತ್ರ ರಕ್ಷಣೆ. ಹಣ ಕೇಳಿದವರು ಸ್ವತಃ ನೌಕರರಾಗಿದ್ದು, ನಿಮಗೆ ಮನಸ್ಸು ಗಟ್ಟಿಯಿದ್ದರೆ, ಕೊಡುವ ಮೊದಲೇ ಲೋಕಾಯುಕ್ತ ಪೊಲೀಸರ ಬಳಿ ಹೋಗಬಹುದು. ನೋಟಿಗೆ ಫಿನಾಫ್ತಲಿನ್ ಪುಡಿ ಸವರಿ ಕೊಟ್ಟು, ಪಡೆದವರ ಬೆರಳನ್ನು ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ಅದ್ದಿದಾಗ ಅದು ಗುಲಾಬಿ ಬಣ್ಣಕ್ಕೆ ತಿರುಗುವುದನ್ನು ನೀವು ಪತ್ರಿಕೆಗಳಲ್ಲಿ ಓದಿರುತ್ತೀರಿ. ತಮಿಳುನಾಡಿನ ‘ಫಿಫ್ತ್ ಪಿಲ್ಲರ್’ ಸಂಸ್ಥೆ 2007ರಿಂದ ಹಂಚಿದ ‘ಸೊನ್ನೆ ರೂಪಾಯಿ ನೋಟು’ ಇನ್ನೂ ಸರಳವಾದದ್ದು. ಗಾಂಧಿ ಚಿತ್ರವಿರುವ, ಬೆಲೆಯ ಜಾಗದಲ್ಲಿ ಸೊನ್ನೆಯಿರುವ ಕಾಗದವನ್ನು ಲಂಚ ಕೇಳಿದವರ ಕೈಗಿಡುವುದು. ಅದನ್ನು ನೋಡಿ ನಾಚಿ ಕೆಲಸ ಮಾಡಿಕೊಟ್ಟವರ ಕಥೆಗಳಿವೆ, ನಾನು ಅಲ್ಲಗಳೆಯುವುದಿಲ್ಲ. ಆದರೆ ನಾಚಿಕೆಯನ್ನು ನಂಬುವುದಕ್ಕಿಂತ ಹಿಂಬರಹವನ್ನು ನಂಬುವುದು ನನ್ನ ಸ್ವಭಾವ.

ಬೇರೆ ಬೇರೆ ಕಡೆಗಳಲ್ಲಿ ಜನ ಏನೇನು ಮಾಡಿದ್ದಾರೆ ಎಂದೂ ನೀವು ಕೇಳಿದ್ದೀರಿ. ಅವುಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಉತ್ತರ ಪ್ರದೇಶದ ಆಜಂಗಢ ಜಿಲ್ಲೆಯ ಲಾಲ್ ಬಿಹಾರಿಯವರದು. ಎಪ್ಪತ್ತರ ದಶಕದಲ್ಲಿ ಸಾಲಕ್ಕಾಗಿ ದಾಖಲೆ ತರಲು ಹೋದಾಗ ತಾನು ಸತ್ತಿರುವುದಾಗಿ ಕಂದಾಯ ದಾಖಲೆಯಲ್ಲಿರುವುದು ಅವರಿಗೆ ತಿಳಿಯಿತು. ಜಾಗದ ಆಸೆಗೆ ಸಂಬಂಧಿಕರೇ ಲಂಚ ಕೊಟ್ಟು ಹಾಗೆ ಬರೆಸಿದ್ದರು. ಜೀವಂತ ಮನುಷ್ಯ ಎದುರು ನಿಂತು ‘ನಾನು ಬದುಕಿದ್ದೇನೆ’ ಎಂದರೆ ಕಡತ ಒಪ್ಪಲಿಲ್ಲ. ಆಗ ಅವರು ಹೆಸರಿನ ಮುಂದೆ ‘ಮೃತಕ್’ ಎಂದು ಸೇರಿಸಿಕೊಂಡರು. ಬಂಧನಕ್ಕೊಳಗಾಗಲು ಯತ್ನಿಸಿದರು, ಪತ್ನಿಗೆ ವಿಧವೆಯರಿಗೆ ಸಿಗುವ ನೆರವು ಕೊಡಿ ಎಂದು ಅರ್ಜಿ ಹಾಕಿದರು, 1989ರಲ್ಲಿ ಅಮೇಠಿಯಲ್ಲಿ ರಾಜೀವ್ ಗಾಂಧಿಯವರ ಎದುರು ಚುನಾವಣೆಗೇ ನಿಂತರು. ಮೇಲ್ನೋಟಕ್ಕೆ ಹುಚ್ಚಾಟವೆನಿಸುತ್ತದೆ. ಒಳಗೆ ನೋಡಿದರೆ ಪ್ರತಿಯೊಂದೂ ಸರಕಾರದ ಕೈಯಿಂದಲೇ ಒಂದು ಕಾಗದ ಹುಟ್ಟಿಸುವ ಉಪಾಯ: ಆರೋಪಿಯಾದವನು, ಅಭ್ಯರ್ಥಿಯಾದವನು ಸತ್ತಿರಲು ಸಾಧ್ಯವಿಲ್ಲ; ವಿಧವಾ ನೆರವನ್ನು ನಿರಾಕರಿಸಬೇಕಾದರೆ ‘ಪತಿ ಬದುಕಿದ್ದಾನೆ’ ಎಂದೇ ಕಾರಣ ಬರೆಯಬೇಕು. 1994ರಲ್ಲಿ ಅವರು ದಾಖಲೆಯಲ್ಲಿ ಮತ್ತೆ ಜೀವಂತರಾದರು. ತಮ್ಮಂಥವರಿಗಾಗಿ ‘ಮೃತಕ್ ಸಂಘ’ ಕಟ್ಟಿದ್ದಕ್ಕೆ 2003ರಲ್ಲಿ ಅವರಿಗೆ ಇಗ್ ನೊಬೆಲ್ ಎಂಬ ವಿನೋದದ ಶಾಂತಿ ಪ್ರಶಸ್ತಿಯೂ ಬಂತು.

ರಾಜಸ್ಥಾನದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು 1994ರಿಂದ ಮಾಡಿದ್ದು ಇದರ ಸಾಮೂಹಿಕ ರೂಪ. ಕಾಮಗಾರಿಗಳ ಹಾಜರಿ ಪಟ್ಟಿಯನ್ನು ಹೇಗೋ ಹೊರಗೆ ತಂದು ಊರವರ ಮುಂದೆ ಗಟ್ಟಿಯಾಗಿ ಓದಿದರು. ಸತ್ತವರ ಹೆಸರೂ ಊರು ಬಿಟ್ಟವರ ಹೆಸರೂ ಕೂಲಿ ಪಡೆದವರ ಸಾಲಿನಲ್ಲಿ ಬಂದಾಗ ಬೇರೆ ತನಿಖೆ ಬೇಕಾಗಲಿಲ್ಲ. 1996ರಲ್ಲಿ ಬ್ಯಾವರ್‌ನಲ್ಲಿ ನಲವತ್ತು ದಿನ ಧರಣಿ ಕುಳಿತರು. ಇಂದು ನಾವು ಹತ್ತು ರೂಪಾಯಿಗೆ ಬಳಸುವ ಮಾಹಿತಿ ಹಕ್ಕಿನ ಬೇರು ಅಲ್ಲಿದೆ. ನಮ್ಮಲ್ಲೂ ಬಸ್ರೂರಿನಂಥ ಸಣ್ಣ ಊರಿನಲ್ಲಿ, ಮಣಿಪಾಲದಲ್ಲಿ ಔಷಧಶಾಸ್ತ್ರ ಕಲಿಸುತ್ತಿದ್ದ ಡಾ. ರವೀಂದ್ರನಾಥ ಶಾನುಭಾಗರು, ಗ್ರಾಹಕರ ರಕ್ಷಣೆಗೆ 1986ರ ಕಾನೂನು ಬರುವ ಮೊದಲೇ ಬಳಕೆದಾರರ ವೇದಿಕೆಯನ್ನು ಕಟ್ಟಿ ಜನರ ಅಹವಾಲುಗಳನ್ನು ಕಾಗದಕ್ಕಿಳಿಸಿದ್ದರು. ಸುರತ್ಕಲ್ಲಿನ ಟೋಲ್‌ಗೇಟಿನ ವಿಷಯದಲ್ಲೂ ಧರಣಿ, ಘೋಷಣೆಗಳ ಜೊತೆ ಹೋರಾಟಗಾರರ ಕೈಯಲ್ಲಿದ್ದ ಗಟ್ಟಿ ವಾದವೆಂದರೆ, ಒಂದೇ ಹೆದ್ದಾರಿಯ ಎರಡು ಸುಂಕದ ಕಟ್ಟೆಗಳ ನಡುವೆ 60 ಕಿಲೋಮೀಟರ್ ಅಂತರವಿರಬೇಕೆಂಬ ಹೆದ್ದಾರಿ ಇಲಾಖೆಯದ್ದೇ ನಿಯಮ. 2022ರ ಡಿಸೆಂಬರ್ ಒಂದರಿಂದ ಅಲ್ಲಿ ವಸೂಲಿ ನಿಂತಿತು. ಅಲ್ಲಿಯ ಸುಂಕವನ್ನು ಹೆಜಮಾಡಿಯ ಟೋಲ್‌ಗೇಟಿಗೆ ಸೇರಿಸುವ ಆದೇಶವೂ ಜೊತೆಗೇ ಬಂತೆನ್ನಿ. ಇಲಾಖೆಗೂ ಜಾಣತನ ಇರುತ್ತದೆ.

ನಗೆಯೂ ಒಂದು ಸಾಧನವೇ. 2024ರ ಆಗಸ್ಟ್‌ನಲ್ಲಿ ಆದಿಉಡುಪಿ ಮಲ್ಪೆ ರಸ್ತೆಯ ಹೊಂಡಗಳಲ್ಲಿ ಯಮಧರ್ಮನ ವೇಷಧಾರಿ ಬಂದು, ಪ್ರೇತಗಳಿಂದ ಉದ್ದ ಜಿಗಿತದ ಸ್ಪರ್ಧೆ ಮಾಡಿಸಿ, ಟೇಪು ಹಿಡಿದು ಅಳೆದದ್ದನ್ನು ದೇಶವೆಲ್ಲ ನೋಡಿತು. ಯಕ್ಷಗಾನದ ನೆಲದಲ್ಲಿ ವೇಷಕ್ಕೆ ಬರವಿಲ್ಲವಲ್ಲ. ಆದರೆ ಇದು ಫಲಿಸುವುದು ರಸ್ತೆಯಂಥ ಎಲ್ಲರ ಸಂಕಟಕ್ಕೆ. ನಿಮ್ಮ ಪೌತಿ ಖಾತೆಗೆ ಯಮನನ್ನು ಕರೆಸಿದರೆ ಅವನಿಂದಲೂ ಮರಣ ಪ್ರಮಾಣ ಪತ್ರದ ಇನ್ನೊಂದು ಪ್ರತಿ ಕೇಳಿಯಾರು. ತೆರಿಗೆಯನ್ನೋ ದಂಡವನ್ನೋ ಒಂದು ಚೀಲ ಚಿಲ್ಲರೆಯಲ್ಲಿ ತಂದು ಸುರಿಯುವ ಪ್ರತಿಭಟನೆಯ ಬಗ್ಗೆ ಮಾತ್ರ ನನಗೆ ಸ್ವಲ್ಪವೂ ಮೆಚ್ಚುಗೆಯಿಲ್ಲ. 2011ರ ನಾಣ್ಯ ಕಾಯ್ದೆಯ ಪ್ರಕಾರ ಸಾವಿರ ರೂಪಾಯಿಗಿಂತ ಹೆಚ್ಚಿನ ಪಾವತಿಗೆ ನಾಣ್ಯವನ್ನು ಒಪ್ಪಲೇಬೇಕಾಗಿಲ್ಲ. ಮೇಲಾಗಿ ಅದನ್ನು ಕುಳಿತು ಎಣಿಸಬೇಕಾದವನು ನಿಮ್ಮನ್ನು ಅಲೆಸಿದ ಅಧಿಕಾರಿಯಲ್ಲ, ಹೊರಗುತ್ತಿಗೆಯ ಯಾವನೋ ಹುಡುಗ. ಮೊಬೈಲಿನಲ್ಲಿ ಚಿತ್ರೀಕರಿಸುವ ವಿಷಯಕ್ಕೂ ಇಷ್ಟೇ ಹೇಳುತ್ತೇನೆ: 2022ರ ಜುಲೈಯಲ್ಲಿ ಸರಕಾರಿ ಕಚೇರಿಗಳಲ್ಲಿ ಅನುಮತಿಯಿಲ್ಲದೆ ಚಿತ್ರೀಕರಣ ನಿಷೇಧಿಸಿದ ಆದೇಶವನ್ನು ಸರಕಾರವೇ ಮರುದಿನದೊಳಗೆ ಹಿಂಪಡೆಯಿತು. ಆದರೂ ಹಣ ಕೇಳುವ ಸಂದರ್ಭ ಬಿಟ್ಟರೆ ಮೊಬೈಲು ಎತ್ತಬೇಡಿ. ಅದನ್ನು ಕಂಡೊಡನೆ ಎದುರಿನವರು ಬಾಯಿ ಮುಚ್ಚುತ್ತಾರೆ, ಕಡತವನ್ನೂ ಮುಚ್ಚುತ್ತಾರೆ.

ಈಗ ನಿಮ್ಮ ತಂದೆಯವರ ಹೆಸರಿನ ತೊಡಕು. ಇದು ಪೂರ್ತಿ ನೆಪವಲ್ಲ ಎಂದು ನ್ಯಾಯವಾಗಿ ಒಪ್ಪಿಕೊಳ್ಳಬೇಕು. ಮನೆಯಲ್ಲಿ ಶೀನ, ಶಾಲೆಯಲ್ಲಿ ಶ್ರೀನಿವಾಸ, ಪಡಿತರ ಚೀಟಿಯಲ್ಲಿ ಇನ್ನೊಂದು ಅಕ್ಷರ, ಇದು ನಮ್ಮ ಜಿಲ್ಲೆಯ ಅರ್ಧ ಮನೆಗಳ ಕಥೆ. ಕೆಲವು ಕುಟುಂಬಗಳಲ್ಲಿ ಅಳಿಯಸಂತಾನದ, ಅಂದರೆ ತಾಯಿಯ ಕಡೆಯಿಂದ ವಂಶವನ್ನೆಣಿಸುವ ರೂಢಿಯಿಂದ ಹಳೆಯ ದಾಖಲೆಗಳಲ್ಲಿ ತಂದೆಯ ಹೆಸರಿನ ಬದಲು ತಾಯಿಯದೋ ಸೋದರಮಾವನದೋ ಹೆಸರಿದ್ದು, ತಂದೆಯಿಂದ ಮಗನಿಗೆ ಇಳಿಯುವ ವಂಶವೃಕ್ಷದ ನಮೂನೆಗೆ ಅದು ಹೊಂದುವುದೇ ಇಲ್ಲ. ನೋಡುವ ನೌಕರ ಬಯಲುಸೀಮೆಯಿಂದ ಹೊಸದಾಗಿ ಬಂದವನಾದರೆ ಗಾಬರಿಯಾಗುವುದು ಸಹಜ; ತಪ್ಪು ವ್ಯಕ್ತಿಯ ಜಾಗಕ್ಕೆ ಸಹಿ ಹಾಕಿದರೆ ಹೋಗುವುದು ಅವನ ಕೆಲಸ. ಆದ್ದರಿಂದ ಅವನ ಭಯಕ್ಕೆ ಉತ್ತರವನ್ನು ನೀವೇ ಕಟ್ಟಿಕೊಡಿ: ಎರಡೂ ಹೆಸರು ಒಬ್ಬರದೇ ಎಂಬ ಪ್ರಮಾಣಪತ್ರವನ್ನು ನೋಟರಿಯಿಂದ ಮಾಡಿಸಿ, ಅದರೊಂದಿಗೆ ಎರಡು ಹೆಸರಿನ ದಾಖಲೆಗಳಲ್ಲೂ ಒಂದೇ ಆಗಿರುವ ಯಾವುದಾದರೂ ಗುರುತನ್ನು, ಅಂದರೆ ಮನೆ ನಂಬರನ್ನೋ ಅಜ್ಜನ ಹೆಸರನ್ನೋ ಸರ್ವೆ ನಂಬರನ್ನೋ, ಗೆರೆ ಎಳೆದು ತೋರಿಸಿ. ಎಳೆದ ಗೆರೆಯಿರುವ ಕಾಗದವನ್ನು ಮೇಲಿನವರ ಮುಂದೆ ಮಂಡಿಸುವುದು ನೌಕರನಿಗೆ ಎಷ್ಟು ಹಗುರವೆಂಬುದು ಆ ಕುರ್ಚಿಯಲ್ಲಿ ಕುಳಿತವರಿಗೇ ಗೊತ್ತು.

ಬರುವ ಸೋಮವಾರ ಹೀಗೆ ಮಾಡಿ. ಹಿಂದಿನ ಅರ್ಜಿಗೆ ಸಂಖ್ಯೆಯೋ ಮೊಹರೋ ಇದೆಯೇ ಎಂದು ಮೊದಲು ಹುಡುಕಿ. ಇದ್ದರೆ ಅದೇ ಅರ್ಜಿಯನ್ನು ಉಲ್ಲೇಖಿಸಿ ಹಿಂಬರಹ ಕೇಳುವ ಪತ್ರ ಕೊಡಿ, ಇಲ್ಲದಿದ್ದರೆ ಎಂಟು ತಿಂಗಳು ಹೋದವೆಂದು ಮರುಗದೆ ಎಲ್ಲ ದಾಖಲೆಗಳೊಂದಿಗೆ ಸ್ವೀಕೃತಿ ಪಡೆದು ಹೊಸದಾಗಿ ಸಲ್ಲಿಸಿ. ಮೃತರ ಹೆಸರಿನಲ್ಲೇ ಉಳಿದಿರುವ ಪಹಣಿಗಳನ್ನು ವಾರಸುದಾರರ ಹೆಸರಿಗೆ ಮಾಡಲು ಸರಕಾರವೇ ಇ-ಪೌತಿ ಆಂದೋಲನ ಆರಂಭಿಸಿರುವುದರಿಂದ ಆ ಮಾತನ್ನೂ ಅರ್ಜಿಯಲ್ಲಿ ಒಂದು ಸಾಲು ಬರೆಯಿರಿ. ಸಲ್ಲಿಸುವಾಗ ತಾಯಿಯವರನ್ನು ಬಿಸಿಲಿನಲ್ಲಿ ಕರೆದೊಯ್ಯಬೇಕಾಗಿಲ್ಲ, ಅವರ ಸಹಿ ಇದ್ದರೆ ಸಾಕು. ನೀವು ಹೋಗುವಾಗ ಒಂದು ಪುಸ್ತಕವಿರಲಿ; ಯಾವ ದಿನ, ಎಷ್ಟು ಗಂಟೆಗೆ, ಯಾವ ಮೇಜಿನವರು ಏನು ಹೇಳಿದರು ಎಂಬುದನ್ನು ಅವರೆದುರಿಗೇ ಬರೆದುಕೊಳ್ಳಿ, ಹೆಸರಿನ ಅಕ್ಷರ ಸರಿಯಾಗಿದೆಯೇ ಎಂದು ಅವರನ್ನೇ ಕೇಳಿ. ನಿಗದಿತ ದಿನಗಳು ಮುಗಿದ ಮರುದಿನ ಮಾಹಿತಿ ಹಕ್ಕಿನ ಅರ್ಜಿ ಹೋಗಲಿ. ಅದರ ಕರಡನ್ನು ನೀವೇ ಬರೆದು ನನಗೆ ಕಳುಹಿಸಿದರೆ, 150 ಪದಗಳೊಳಗೆ ಇದೆಯೇ, ಎಲ್ಲಾದರೂ ‘ಏಕೆ’ ನುಸುಳಿದೆಯೇ ಎಂದು ನೋಡಿ ಹಿಂದಿರುಗಿಸುತ್ತೇನೆ.